ಇಟ್ಟಿಗೆಯಲ್ಲಿ ಕೂಡಿಟ್ಟ ಶಾಖ: ಕಾರ್ಖಾನೆಯ ಕುಲುಮೆಯೂ ಉಷ್ಣಸಂಚಯದ ಚರಿತ್ರೆಯೂ

ಕೈಗಾರಿಕಾ ಕ್ರಾಂತಿಯ ಪಾಠವನ್ನು ತರಗತಿಯಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತೇವೆ. ಮೊದಲು ಕಲ್ಲಿದ್ದಲು, ಅನಂತರ ಉಗಿಯಂತ್ರ, ಅದರ ಬೆನ್ನಿಗೇ ಕಬ್ಬಿಣ, ಹತ್ತಿಯ ಗಿರಣಿ, ರೈಲುದಾರಿ. ಕಲ್ಲಿದ್ದಲಿನಲ್ಲಿ ಅಡಗಿದ್ದ ಶಕ್ತಿಯೇ ಆ ಮಹಾಪರಿವರ್ತನೆಗೆ ಮೂಲವೆಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದು ಅಂಕಗಳನ್ನು ಪಡೆಯುತ್ತಾರೆ. ಇದು ತಪ್ಪಲ್ಲ, ಆದರೆ ಅರ್ಧ ಮಾತು. ಕಲ್ಲಿದ್ದಲು ಕಾರ್ಖಾನೆಯ ಒಡೆಯನಿಗೆ ಒದಗಿಸಿದ್ದು ಶಾಖವನ್ನು ಮಾತ್ರವಲ್ಲ. ಆ ಶಾಖವನ್ನು ಬೇಕಾದ ಗಳಿಗೆಯವರೆಗೆ ಕಾಯ್ದಿರಿಸುವ ಅನುಕೂಲವನ್ನೂ ಒದಗಿಸಿತು. ಕಾರ್ಖಾನೆಯ ಹಿತ್ತಿಲಲ್ಲಿ ರಾಶಿ ಹಾಕಿದ ಕಲ್ಲಿದ್ದಲು ಮಳೆಗೆ ನೆನೆಯಬಹುದು, ಆದರೆ ರಾತ್ರಿಯಾಯಿತೆಂದು ಮರೆಯಾಗುವುದಿಲ್ಲ.

ಇದರ ಮಹತ್ವವನ್ನು ಅರಿಯಲು ಅದಕ್ಕೆ ಮುಂಚಿನ ಸ್ಥಿತಿಯನ್ನು ನೋಡಬೇಕು. ಬ್ರಿಟನ್ನಿನ ಹತ್ತಿಯ ಗಿರಣಿಗಳು ಬಹುಕಾಲ ಹೊಳೆಯ ನೀರಿನಿಂದಲೇ ನಡೆದವು. ಹೊಳೆಗೆ ಇಂಧನದ ಖರ್ಚಿಲ್ಲ. ಆದರೆ ಬೇಸಗೆಯಲ್ಲಿ ನೀರು ತಗ್ಗಿದರೆ ಚಕ್ರ ನಿಲ್ಲುತ್ತಿತ್ತು, ಪ್ರವಾಹ ಬಂದರೂ ನಿಲ್ಲುತ್ತಿತ್ತು. ಕೆಲಸದ ಗಂಟೆಗಳನ್ನು ಮಿತಿಗೊಳಿಸಿದ 1833ರ ಕಾರ್ಖಾನೆ ಶಾಸನವು ಸಹ, ನೀರಿನ ಏರುಪೇರಿನಿಂದ ಕಳೆದುಹೋದ ವೇಳೆಯನ್ನು ಮುಂದೆ ತುಂಬಿಕೊಳ್ಳುವುದಕ್ಕೆ ಅವಕಾಶ ಕೊಡಬೇಕಾಯಿತು. ಹೊಳೆಯ ನಡತೆಗೆ ತಕ್ಕಂತೆ ಮನುಷ್ಯನ ದುಡಿಮೆಯ ಗಂಟೆಗಳು ಹಿಗ್ಗಬೇಕಾದ ಪರಿಸ್ಥಿತಿ ಅದು. ಅಗ್ಗವಾಗಿದ್ದೂ ಕೂಡಿಡಲು ಬಾರದಿದ್ದ ಶಕ್ತಿಯನ್ನು, ಬೆಲೆ ತೆತ್ತಾದರೂ ಕೂಡಿಡಬಹುದಾಗಿದ್ದ ಶಕ್ತಿ ಹಿಂದಕ್ಕೆ ಹಾಕಿತು.

ಈಗ ಅದೇ ಪ್ರಶ್ನೆ ತಲೆಕೆಳಗಾಗಿ ನಮ್ಮ ಮುಂದೆ ಬಂದಿದೆ. ಬಿಸಿಲಿನಿಂದಲೂ ಗಾಳಿಯಿಂದಲೂ ದೊರೆಯುವ ವಿದ್ಯುತ್ತು ಅಗ್ಗವಾಗುತ್ತ ಬಂದಿದೆ. ಆದರೆ ಅದು ಹೊಳೆಯ ಸ್ವಭಾವದ್ದು, ರಾಶಿಯ ಸ್ವಭಾವದ್ದಲ್ಲ. ಮಧ್ಯಾಹ್ನದಲ್ಲಿ ತುಂಬಿ ಹರಿಯುತ್ತದೆ, ಸಂಜೆಗೆ ಬತ್ತುತ್ತದೆ. ಕಾರ್ಖಾನೆಯ ಬಾಯ್ಲರಾದರೋ ಹಗಲಿರುಳೂ ಉರಿಯಬೇಕು. ಈ ಎರಡರ ನಡುವೆ ಇಡಬೇಕಾದ ಭಂಡಾರ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಹೊರಟಿದ್ದೇವೆ. ಭೌತವಿಜ್ಞಾನ ನಮ್ಮ ಕ್ಷೇತ್ರವಲ್ಲ. ಆದರೂ ಈ ವಿಷಯದಲ್ಲಿ ಚರಿತ್ರೆಯ ಅಧ್ಯಾಪಕನಿಗೂ ಹೇಳಲು ಸ್ವಲ್ಪ ಇದೆ. ಏಕೆಂದರೆ ಹೊಸದೆಂದು ಇಂದು ಪ್ರಚಾರವಾಗುತ್ತಿರುವ ಸಾಧನದ ಮುಖ್ಯ ಭಾಗ ನೂರೈವತ್ತು ವರ್ಷಗಳಿಗಿಂತಲೂ ಹಳೆಯದು.

ಮೊದಲು ಪ್ರಶ್ನೆಯ ಗಾತ್ರ. ಲೋಕದ ಕೈಗಾರಿಕೆಗಳು ಬಳಸುವ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಶಾಖವಾಗಿಯೇ ವೆಚ್ಚವಾಗುತ್ತದೆ. ಮಾನವಕುಲ ಬಳಸುವ ಒಟ್ಟು ಶಕ್ತಿಯಲ್ಲಿ ಹೆಚ್ಚು ಕಡಮೆ ಐದನೆಯ ಒಂದು ಪಾಲು ಇದೇ. ಬಟ್ಟೆಗೆ ಬಣ್ಣ ಹಾಕುವುದು, ಹಾಲನ್ನು ಪುಡಿಮಾಡುವುದು, ಕಾಗದವನ್ನು ಒಣಗಿಸುವುದು ಮೊದಲಾದ ಕೆಲಸಗಳಿಗೆ 200 ಡಿಗ್ರಿ ಸೆಂಟಿಗ್ರೇಡಿನೊಳಗಿನ ಉಗಿ ಸಾಕು. ಸಿಮೆಂಟಿನ ಗೂಡಿಗೆ ಸುಮಾರು 1,450 ಡಿಗ್ರಿ ಬೇಕು. ಗಾಜಿನ ಕುಲುಮೆಗೂ ಆ ಮಟ್ಟದ ಶಾಖವೇ. ಈ ಶಾಖದ ಬಹುಪಾಲು ಇಂದಿಗೂ ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಡುವುದರಿಂದಲೇ ಬರುತ್ತಿದೆ. ಇಂಗಾಲದ ಹೊಗೆಯ ವಿಚಾರ ಬಂದಾಗಲೆಲ್ಲ ವಿದ್ಯುದಾಗಾರದ ಚಿಮಣಿಯನ್ನೂ ಮೋಟಾರು ಬಂಡಿಯನ್ನೂ ನೆನೆಯುವ ನಾವು ಬಾಯ್ಲರಿನ ಕೋಣೆಯನ್ನು ಮರೆಯುವುದೇ ಹೆಚ್ಚು.

ಶಾಖವನ್ನು ಕೂಡಿಡುವುದು ನಮಗೆ ಅಪರಿಚಿತವಾದ ಸಂಗತಿಯೇನೂ ಅಲ್ಲ. ಹಳ್ಳಿಯ ಮನೆಯ ಬಚ್ಚಲಲ್ಲಿ ಬೆಳಗ್ಗೆ ಉರಿ ಹಾಕಿದ ಹಂಡೆಯ ಒಲೆ ಬೆಂಕಿ ಆರಿದ ಎಷ್ಟೋ ಹೊತ್ತಿನ ಮೇಲೂ ಬೆಚ್ಚಗಿರುತ್ತದೆ. ಕಡೆಯಲ್ಲಿ ಸ್ನಾನಕ್ಕೆ ಹೋದವನಿಗೂ ಬಿಸಿನೀರು ಸಿಗುವುದು ಆ ಕಲ್ಲುಮಣ್ಣಿನ ದಯೆಯಿಂದ. ಬೆಂಗಳೂರಿನ ಮನೆಗಳ ಮೇಲೆ ಸಾಲಾಗಿ ಕಾಣುವ ಸೌರ ಜಲತಾಪಕಗಳೂ ಇದೇ ಜಾತಿಯವು. ಅಲ್ಲಿ ಬಿಸಿಲನ್ನು ಹಿಡಿಯುವ ಗಾಜಿನ ಕೊಳವೆಗಳಷ್ಟೇ ಮುಖ್ಯವಾದದ್ದು ಅವುಗಳ ನೆತ್ತಿಯ ಮೇಲಿರುವ ಹೊದಿಕೆ ಹೊದಿಸಿದ ತೊಟ್ಟಿ. ಅದು ಇಲ್ಲದಿದ್ದರೆ ಬಿಸಿನೀರು ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಲಭ್ಯವಾಗುತ್ತಿತ್ತು; ಆ ಹೊತ್ತಿನಲ್ಲಿ ಸ್ನಾನ ಮಾಡುವವರು ವಿರಳ.

ಕಾರ್ಖಾನೆಗಳಲ್ಲಿ ಈ ತತ್ತ್ವ ಬೆಳೆದುಬಂದ ಬಗೆ ಕುತೂಹಲಕರವಾಗಿದೆ. 1816ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ ಎಂಬಾತ ತನ್ನ ಬಿಸಿಗಾಳಿಯ ಯಂತ್ರಕ್ಕೆ ಪೇಟೆಂಟು ಪಡೆದನು. ಆ ಯಂತ್ರದಲ್ಲಿ ಗಾಳಿ ಒಂದು ದಿಕ್ಕಿಗೆ ಹೋಗುವಾಗ ತನ್ನ ಶಾಖವನ್ನು ದಾರಿಯ ಘನವಸ್ತುವಿನಲ್ಲಿ ಇಟ್ಟು, ಹಿಂದಿರುಗುವಾಗ ಅದನ್ನೇ ಮರಳಿ ಪಡೆಯುವ ವ್ಯವಸ್ಥೆಯಿತ್ತು. ಯಂತ್ರ ಹೆಚ್ಚು ಬಳಕೆಗೆ ಬರಲಿಲ್ಲ. ಕಲ್ಪನೆ ಮಾತ್ರ ಉಳಿಯಿತು.

ಅತ್ತ ಕಬ್ಬಿಣದ ಊದುಕುಲುಮೆಗಳಲ್ಲಿ ಬೇರೊಂದು ನಂಬಿಕೆ ಬೇರೂರಿತ್ತು. ಚಳಿಗಾಲದಲ್ಲಿ ಕುಲುಮೆಗಳು ಚೆನ್ನಾಗಿ ನಡೆಯುವುದನ್ನು ಕಂಡಿದ್ದ ಕಬ್ಬಿಣದ ಒಡೆಯರು, ಊದುಗಾಳಿ ತಣ್ಣಗಿದ್ದಷ್ಟೂ ಒಳ್ಳೆಯದೆಂದು ಭಾವಿಸಿದ್ದರು. ಚಳಿಗಾಲದ ಗಾಳಿಯಲ್ಲಿ ತೇವ ಕಡಮೆಯೆಂಬುದೇ ನಿಜವಾದ ಕಾರಣ, ತಂಪಿನದೇನೂ ಹೆಚ್ಚುಗಾರಿಕೆಯಿರಲಿಲ್ಲ. ಕಣ್ಣಾರೆ ಕಂಡ ಸಂಗತಿ ಸರಿಯಾಗಿದ್ದು ಅದರಿಂದ ಹೊರಡಿಸಿದ ನಿರ್ಣಯ ತಪ್ಪಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಗ್ಲಾಸ್ಗೋ ನಗರದ ಅನಿಲ ಕಾರ್ಖಾನೆಯ ವ್ಯವಸ್ಥಾಪಕನಾಗಿದ್ದ ಜೇಮ್ಸ್ ಬೋಮಾಂಟ್ ನೀಲ್ಸನ್ 1828ರಲ್ಲಿ ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ಹಿಡಿದು, ಗಾಳಿಯನ್ನು ಮೊದಲೇ ಕಾಯಿಸಿ ಕುಲುಮೆಗೆ ಊದುವ ವಿಧಾನಕ್ಕೆ ಪೇಟೆಂಟು ಪಡೆದನು. ಕ್ಲೈಡ್ ಕಬ್ಬಿಣದ ಕಾರ್ಖಾನೆಯಲ್ಲಿ 1829ರಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು 8 ಟನ್ ಕಲ್ಲಿದ್ದಲು ಬೇಕಾಗುತ್ತಿತ್ತು. ಬಿಸಿಗಾಳಿ ಬಂದ ಮರುವರ್ಷ ಅದು 5 ಟನ್ನಿನ ಸಮೀಪಕ್ಕೆ ಇಳಿಯಿತು. ಆದರೆ ನೀಲ್ಸನ್ನನ ವಿಧಾನದಲ್ಲಿ ಗಾಳಿ ಕಾಯುತ್ತಿದ್ದುದು ಕಬ್ಬಿಣದ ಕೊಳವೆಗಳಲ್ಲಿ, ಅದೂ ಪ್ರತ್ಯೇಕವಾಗಿ ಕಲ್ಲಿದ್ದಲನ್ನು ಉರಿಸಿ. ಕೊಳವೆ ತಾಳುವಷ್ಟೇ ಗಾಳಿಯ ಬಿಸಿ. ಅದನ್ನು ಮೀರಿದರೆ ಕೊಳವೆಯೇ ಕೆಡುತ್ತಿತ್ತು.

ಈ ಮಿತಿಯನ್ನು ದಾಟಿಸಿದ್ದು ಇಟ್ಟಿಗೆ. 1856ರಲ್ಲಿ ಫ್ರೀಡ್ರಿಖ್ ಸೀಮೆನ್ಸ್ ತನ್ನ ಕುಲುಮೆಗೆ ಪೇಟೆಂಟು ಪಡೆದನು. ಕುಲುಮೆಯಿಂದ ಹೊರಬೀಳುವ ಬಿಸಿ ಅನಿಲವನ್ನು ಜಾಲರಿಯಂತೆ ಜೋಡಿಸಿದ ಇಟ್ಟಿಗೆಗಳ ಕೋಣೆಯ ಮೂಲಕ ಹಾಯಿಸಿ, ಇಟ್ಟಿಗೆ ಕಾದ ಬಳಿಕ ದಿಕ್ಕನ್ನು ಬದಲಿಸಿ, ಒಳಬರುವ ತಣ್ಣನೆಯ ಗಾಳಿಯನ್ನು ಅದೇ ಕೋಣೆಯಲ್ಲಿ ಹಾಯಿಸುವುದು ಅವನ ಉಪಾಯ. ಮೈಕೇಲ್ ಫ್ಯಾರಡೆ 1862ರ ಜೂನ್ ತಿಂಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾಡಿದ ತನ್ನ ಕೊನೆಯ ಶುಕ್ರವಾರದ ಉಪನ್ಯಾಸಕ್ಕೆ ಆರಿಸಿಕೊಂಡದ್ದು ಈ ಸೀಮೆನ್ಸ್ ಕುಲುಮೆಯ ವಿಷಯವನ್ನೇ. ವಿದ್ಯುತ್ತಿನ ಪಿತಾಮಹನೆಂದು ನಾವು ಗೌರವಿಸುವ ಮಹನೀಯನು ತನ್ನ ಕಟ್ಟಕಡೆಯ ಸಾರ್ವಜನಿಕ ಮಾತುಗಳನ್ನು ಬಿಸಿ ಇಟ್ಟಿಗೆಗಳಿಗಾಗಿ ಮೀಸಲಿಟ್ಟನೆಂಬುದು ನಮಗೆ ಬಹಳ ಇಷ್ಟವಾದ ಸಂಗತಿ.

ಸೀಮೆನ್ಸನ ಉಪಾಯವನ್ನು ಊದುಕುಲುಮೆಗೆ ಹೊಂದಿಸಿದವನು ಎಡ್ವರ್ಡ್ ಆಲ್ಫ್ರೆಡ್ ಕೌಪರ್. ಅವನ ಪೇಟೆಂಟಿನ ವರ್ಷ 1857. ಕೌಪರನ ಒಲೆಯೆಂದರೆ ಒಳಗೆಲ್ಲ ಇಟ್ಟಿಗೆಯ ಜಾಲರಿ ತುಂಬಿದ, ಗುಮ್ಮಟದ ತಲೆಯ ಎತ್ತರವಾದ ಉಕ್ಕಿನ ಗೋಪುರ. ಊದುಕುಲುಮೆಯ ನೆತ್ತಿಯಿಂದ ಬರುವ, ಅಲ್ಲಿಯವರೆಗೆ ವ್ಯರ್ಥವಾಗುತ್ತಿದ್ದ ಅನಿಲವನ್ನು ಈ ಗೋಪುರದೊಳಗೆ ಉರಿಸುತ್ತಾರೆ. ಉರಿಯ ಬಿಸಿ ಜಾಲರಿಯ ಸಾವಿರಾರು ರಂಧ್ರಗಳ ಮೂಲಕ ಇಳಿಯುತ್ತ ಇಟ್ಟಿಗೆಯನ್ನು ಕೆಂಪಗೆ ಕಾಯಿಸುತ್ತದೆ. ಆಮೇಲೆ ಉರಿಯನ್ನು ನಿಲ್ಲಿಸಿ, ಬಾಗಿಲುಗಳನ್ನು ಬದಲಿಸಿ, ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಊದುತ್ತಾರೆ. ಮೇಲಕ್ಕೆ ಬರುವಷ್ಟರಲ್ಲಿ ಆ ಗಾಳಿ, ಇಂದಿನ ದೊಡ್ಡ ಕುಲುಮೆಗಳಲ್ಲಿ, 1,100 ಡಿಗ್ರಿಯನ್ನು ಮೀರಿರುತ್ತದೆ. ಒಂದು ಗೋಪುರ ಶಾಖವನ್ನು ಕೊಡುತ್ತಿರುವಾಗ ಇನ್ನೊಂದು ಶಾಖವನ್ನು ತುಂಬಿಕೊಳ್ಳುತ್ತಿರುತ್ತದೆ. ಆದ್ದರಿಂದ ಒಂದು ಕುಲುಮೆಗೆ ಮೂರೋ ನಾಲ್ಕೋ ಗೋಪುರಗಳು. ನಮ್ಮಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ನೋಡಲು ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು, ಊದುಕುಲುಮೆಗಿಂತ ಮೊದಲು ಅದರ ಪಕ್ಕದ ಈ ಗುಮ್ಮಟಗಳನ್ನು ತೋರಿಸಬೇಕೆಂದು ನಮ್ಮ ಬಿನ್ನಹ. ಭೂಮಿಯ ಮೇಲೆ ಅತ್ಯಂತ ಕಠಿಣವಾದ ದುಡಿಮೆಯನ್ನು ಸಹಿಸಿ ನಿಂತಿರುವ ಉಷ್ಣಭಂಡಾರಗಳು ಅವು.

ಹೀಗಿರುವಾಗ ಒಂದು ಸಂದೇಹ ಏಳುವುದು ಸಹಜ. ಇಟ್ಟಿಗೆಯಲ್ಲಿ ಸಾವಿರ ಡಿಗ್ರಿಯ ಶಾಖವನ್ನು ಕೂಡಿಡುವ ವಿದ್ಯೆ 1857ರಿಂದಲೂ ಕೈಯಲ್ಲಿದ್ದರೆ ಕಲ್ಲಿದ್ದಲಿನ ರಾಶಿಯ ಬದಲು ಅದನ್ನೇ ಏಕೆ ಬಳಸಲಿಲ್ಲ? ಮೊದಲನೆಯ ಉತ್ತರ: ಕೌಪರನ ಒಲೆ ಶಾಖವನ್ನು ಒಂದು ಗಂಟೆಯ ಆಸುಪಾಸಿನವರೆಗೆ ಮಾತ್ರ ಹಿಡಿದಿಡುತ್ತಿತ್ತು, ಕುಲುಮೆಗೆ ಅಷ್ಟೇ ಸಾಕಾಗಿತ್ತು. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಇಟ್ಟಿಗೆಗೆ ತುಂಬಲು ಕಲ್ಲಿದ್ದಲಿನಿಂದ ಹುಟ್ಟದ ಅಗ್ಗದ ಶಾಖವೇ ಆಗ ಇರಲಿಲ್ಲ. ಕಲ್ಲಿದ್ದಲನ್ನು ಸುಟ್ಟೇ ಇಟ್ಟಿಗೆಯನ್ನು ಕಾಯಿಸುವುದಾದರೆ, ಕಲ್ಲಿದ್ದಲನ್ನು ಹಾಗೆಯೇ ಇಟ್ಟುಕೊಂಡು ಬೇಕಾದಾಗ ಸುಡುವುದು ಮೇಲಲ್ಲವೆ? ಭಂಡಾರದ ಬಳಿಯಲ್ಲಿಯೇ ಇನ್ನೊಂದು ಅಗ್ಗದ ಭಂಡಾರ ಬಿದ್ದಿತ್ತು.

ಇಪ್ಪತ್ತನೆಯ ಶತಮಾನದ ಅನುಭವವೂ ಇದನ್ನೇ ಹೇಳುತ್ತದೆ. ಸ್ವೀಡನ್ನಿನ ಯಂತ್ರಶಿಲ್ಪಿ ಯೋಹಾನೆಸ್ ರೂಥ್ಸ್ ಉಗಿಯನ್ನು ಕೂಡಿಡುವ ತೊಟ್ಟಿಯನ್ನು ರೂಪಿಸಿದನು. ಒತ್ತಡದಲ್ಲಿ ಕಾದ ನೀರು ಒತ್ತಡ ತಗ್ಗಿದೊಡನೆ ತಾನಾಗಿಯೇ ಉಗಿಯಾಗಿ ಏಳುತ್ತದೆಂಬುದು ಅದರ ಮರ್ಮ. 1929ರಲ್ಲಿ ಬರ್ಲಿನ್ನಿನ ಷಾರ್ಲೊಟೆನ್‌ಬುರ್ಗ್ ವಿದ್ಯುದಾಗಾರದಲ್ಲಿ ಇಂಥ 16 ತೊಟ್ಟಿಗಳನ್ನು ನಿಲ್ಲಿಸಿ, ಸಂಜೆಯ ದೀಪ ಹೊತ್ತುವ ಸಮಯಕ್ಕೆ 50 ಮೆಗಾವ್ಯಾಟ್ ವಿದ್ಯುತ್ತನ್ನು ಕೊಡುವ ಏರ್ಪಾಟು ಮಾಡಿದರು. ಆದರೆ ವಿದ್ಯುದಾಗಾರಗಳನ್ನು ತಂತಿಗಳು ಒಂದಕ್ಕೊಂದು ಕೂಡಿಸಿದ ಮೇಲೆ, ಸಂಜೆಯ ಹೆಚ್ಚಳಕ್ಕೆ ಇನ್ನಷ್ಟು ಇಂಧನವನ್ನು ಸುಡುವುದೇ ಸುಲಭವಾಯಿತು. ರೂಥ್ಸನ ತೊಟ್ಟಿ ಮುಖ್ಯವಾಗಿ ಕಾಗದದ ಗಿರಣಿಯಂಥ ಕಡೆಗಳಲ್ಲಿ ಉಗಿಯ ಏರುಪೇರನ್ನು ಸಮಗೊಳಿಸುವ ಕೆಲಸಕ್ಕೆ ಸೀಮಿತವಾಯಿತು. ಅದು 2007ರಲ್ಲಿ ಮತ್ತೆ ತಲೆಯೆತ್ತಿದ್ದು ಸ್ಪೇನಿನ ಸೆವಿಲ್ ಬಳಿಯ ಸೌರ ಗೋಪುರದಲ್ಲಿ, ಕಲ್ಲಿದ್ದಲಿಗೆ ಎಡೆಯಿಲ್ಲದ ಜಾಗದಲ್ಲಿ.

ಇದಕ್ಕೆ ಹೊರತಾದ ಒಂದು ನಿದರ್ಶನವುಂಟು. ಬ್ರಿಟನ್ನಿನ ಲಕ್ಷಾಂತರ ಮನೆಗಳಲ್ಲಿ ಭಾರವಾದ ಇಟ್ಟಿಗೆಗಳನ್ನು ತುಂಬಿದ ವಿದ್ಯುತ್ ಒಲೆಗಳು ಗೋಡೆಗಂಟಿಕೊಂಡು ನಿಂತವು. ರಾತ್ರಿ ವಿದ್ಯುತ್ತಿಗೆ ಗಿರಾಕಿಯಿಲ್ಲದ ಹೊತ್ತಿನಲ್ಲಿ ಕಾದು, ಹಗಲೆಲ್ಲ ಮನೆಯನ್ನು ಬೆಚ್ಚಗಿಡುವುದು ಅವುಗಳ ಕೆಲಸ. 1978ರಲ್ಲಿ ರಾತ್ರಿಯ ಏಳು ಗಂಟೆಗಳ ಕಾಲಕ್ಕೆ ಕಡಮೆ ದರವನ್ನು ನಿಗದಿಮಾಡಿದ 'ಇಕಾನಮಿ ಸೆವೆನ್' ಎಂಬ ಪದ್ಧತಿ ಬಂದುದರಿಂದ ಇವುಗಳಿಗೆ ಬಲವಾದ ಆಧಾರ ದೊರೆಯಿತು. ಇಲ್ಲಿ ಇಟ್ಟಿಗೆ ಗೆದ್ದದ್ದು ತನ್ನ ಗುಣದಿಂದಲ್ಲ, ದರಪಟ್ಟಿಯ ಒಂದು ಸಾಲಿನಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದಕ್ಕೆ ಮರಳಿ ಬರುತ್ತೇವೆ.

ಈಗಿನ ಉಷ್ಣಭಂಡಾರದ ರಚನೆ ಸರಳವಾದದ್ದು. ಹೊದಿಕೆಯುಳ್ಳ ಉಕ್ಕಿನ ಪೆಟ್ಟಿಗೆ. ಅದರೊಳಗೆ ಇಟ್ಟಿಗೆ, ಮರಳು ಅಥವಾ ಕಲ್ಲಿನ ಪುಡಿ. ಅದನ್ನು ಕಾಯಿಸಲು ವಿದ್ಯುತ್ತಿನ ತಂತಿ, ಮನೆಯ ಇಸ್ತ್ರಿಪೆಟ್ಟಿಗೆಯೊಳಗಿನ ತಂತಿಯ ಜಾತಿಯದೇ. ಶಾಖ ಬೇಕಾದಾಗ ಗಾಳಿಯನ್ನು ಊದಿ, ಆ ಬಿಸಿಗಾಳಿಯನ್ನು ಬಾಯ್ಲರಿನ ಮೇಲೆ ಹಾಯಿಸಿ ಉಗಿ ಪಡೆಯುವುದು. ಕೌಪರನ ಗೋಪುರದಲ್ಲಿ ಅನಿಲದ ಉರಿಯನ್ನು ತೆಗೆದು ವಿದ್ಯುತ್ತಿನ ತಂತಿಯನ್ನು ಇಟ್ಟರೆ ಹೆಚ್ಚು ಕಡಮೆ ಇದೇ ಆಗುತ್ತದೆ.

ಇದು ಎಷ್ಟು ಶಾಖವನ್ನು ಹಿಡಿಯುತ್ತದೆ? ಒಂದು ಟನ್ ಇಟ್ಟಿಗೆಯನ್ನು 800 ಡಿಗ್ರಿಯಷ್ಟು ಮೇಲಕ್ಕೆ ಕಾಯಿಸಿದರೆ ಅದರಲ್ಲಿ ಸುಮಾರು 220 ಯೂನಿಟ್ ಶಾಖ ಸೇರುತ್ತದೆ. ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಯೂನಿಟ್ಟೇ ಇದು. ನಮ್ಮ ದೇಶದ ಸಾಧಾರಣ ಕಲ್ಲಿದ್ದಲು ಕಿಲೋಗ್ರಾಮಿಗೆ 4,000 ಕಿಲೋಕ್ಯಾಲೊರಿ ಕೊಡುತ್ತದೆಂದು ಇಟ್ಟುಕೊಂಡರೆ ಒಂದು ಟನ್ನಿನಲ್ಲಿ 4,650 ಯೂನಿಟ್ ಶಾಖವಿರುತ್ತದೆ. ಎಂದರೆ ಒಂದು ಟನ್ ಕಲ್ಲಿದ್ದಲಿಗೆ ಸಮನಾಗಲು 21 ಟನ್ ಇಟ್ಟಿಗೆ ಬೇಕು. ಹೀಗೆ ನೋಡಿದರೆ ಇಟ್ಟಿಗೆಯ ಸೋಲು ನಿಶ್ಚಿತವೆಂದು ತೋರುತ್ತದೆ. ಆದರೆ ಕಲ್ಲಿದ್ದಲು ಒಮ್ಮೆ ಉರಿದರೆ ಮುಗಿಯಿತು; ಇಟ್ಟಿಗೆ ನಾಳೆಯೂ ಇರುತ್ತದೆ. ವರ್ಷಕ್ಕೆ 300 ದಿನ ತುಂಬಿ ಬರಿದುಮಾಡಿದರೆ ಆ ಒಂದು ಟನ್ ಇಟ್ಟಿಗೆ ವರ್ಷವೊಂದಕ್ಕೆ 14 ಟನ್ ಕಲ್ಲಿದ್ದಲಿನಷ್ಟು ಶಾಖವನ್ನು ಹೊತ್ತು ಹಾಕುತ್ತದೆ. ಕೌಪರನ ಗೋಪುರದ ಇಟ್ಟಿಗೆಗಳು ಇದಕ್ಕಿಂತ ಹೆಚ್ಚಿನ ಬಿಸಿಯಲ್ಲಿ, ದಿನಕ್ಕೆ ಹಲವು ಬಾರಿ, ದಶಕಗಳ ಕಾಲ ದುಡಿಯುವುದನ್ನು ಕಂಡಿರುವ ನಾವು ಈ ಲೆಕ್ಕವನ್ನು ಸಂದೇಹಿಸಬೇಕಾಗಿಲ್ಲ.

ಶಾಖ ಸೋರಿಹೋಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸೋರುತ್ತದೆ, ಆದರೆ ರಾಶಿ ದೊಡ್ಡದಾದಷ್ಟೂ ಸೋರಿಕೆಯ ಪ್ರಮಾಣ ಇಳಿಯುತ್ತದೆ. ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಒಳಗಿನ ರಾಶಿ 8 ಪಟ್ಟಾಗುತ್ತದೆ, ಶಾಖ ಹೊರಬೀಳುವ ಮೈ 4 ಪಟ್ಟು ಮಾತ್ರ. ಲೋಟದ ಕಾಫಿ ಹಂಡೆಯ ನೀರಿಗಿಂತ ಬೇಗ ಆರುವುದು ಇದೇ ಕಾರಣದಿಂದ.

ಬಿಸಿಲನ್ನು ನೇರವಾಗಿ ಶಾಖವಾಗಿ ಹಿಡಿದು ಕೂಡಿಡುವ ಪ್ರಯತ್ನಗಳೂ ನಡೆದಿವೆ. ಸ್ಪೇನಿನ ಗ್ರನಾಡ ಪ್ರಾಂತದ ಅಂಡಾಸೋಲ್ ಸೌರ ಸ್ಥಾವರದ ಮೊದಲನೆಯ ಘಟಕದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟುಗಳ 28,500 ಟನ್ ಕರಗಿದ ಉಪ್ಪು, 50 ಮೆಗಾವ್ಯಾಟಿನ ಯಂತ್ರವನ್ನು ಸೂರ್ಯಾಸ್ತದ ಮೇಲೆ ಏಳೂವರೆ ಗಂಟೆ ನಡೆಸುವಷ್ಟು ಶಾಖವನ್ನು ಹಿಡಿಯುವಂತೆ ಯೋಜಿತವಾಯಿತು. ಆದರೆ ಆ ಉಪ್ಪು 200 ಡಿಗ್ರಿಗಿಂತ ಸ್ವಲ್ಪ ಮೇಲೆಯೇ ಹೆಪ್ಪುಗಟ್ಟುವುದರಿಂದ ಅದನ್ನು ಸದಾ ಬಿಸಿಯಾಗಿಟ್ಟು ಕಾಯಬೇಕು. ರಾಜಸ್ಥಾನದ ಆಬೂ ರಸ್ತೆಯಲ್ಲಿ 2017ರಲ್ಲಿ ಆರಂಭವಾದ 'ಇಂಡಿಯಾ ಒನ್' ಸ್ಥಾವರದಲ್ಲಿ 770 ಕನ್ನಡಿ ತಟ್ಟೆಗಳು ಬಿಸಿಲನ್ನು ಎರಕದ ಕಬ್ಬಿಣದ ಗುಂಡಿಗೆಗಳಿಗೆ ಹಾಯಿಸುತ್ತವೆ. ಕೂಡಿಡುವ ವಸ್ತು ಇಲ್ಲಿ ಕಬ್ಬಿಣವೇ.

ವಿದ್ಯುತ್ತನ್ನು ಶಾಖವಾಗಿ ಕೂಡಿಡುವುದರಲ್ಲಿ ಈಚಿನ ವರ್ಷಗಳ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಫಿನ್ಲೆಂಡಿನ ಕಂಕಾನ್ಪಾ ಎಂಬ ಪಟ್ಟಣದಲ್ಲಿ 2022ರಲ್ಲಿ 100 ಟನ್ ಮರಳನ್ನು ತುಂಬಿದ ಕಣಜವೊಂದು ಕೆಲಸಕ್ಕೆ ತೊಡಗಿತು. ಅದರ ಧಾರಣೆ 8,000 ಯೂನಿಟ್. 2025ರಲ್ಲಿ ಅದೇ ದೇಶದ ಪೋರ್ನೈನೆನ್ ಎಂಬಲ್ಲಿ ಸುಮಾರು 2,000 ಟನ್ ಬಳಪದ ಕಲ್ಲಿನ ಚೂರನ್ನು ತುಂಬಿದ, 1 ಲಕ್ಷ ಯೂನಿಟ್ ಧಾರಣೆಯ ಕಣಜ ಬಂದಿತು. ಆ ಚೂರು ಬೆಂಕಿಗೂಡುಗಳನ್ನು ಮಾಡುವ ಕಾರ್ಖಾನೆಯ ಉಳಿಕೆ. ಇವೆರಡೂ ಊರಿನ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿಗಾಗಿ ಕಟ್ಟಿದವು. ಕಾರ್ಖಾನೆಯ ಉಗಿಗಾಗಿ ಅಮೆರಿಕದ ಕ್ಯಾಲಿಫೋರ್ನಿಯದ ಪಿಕ್ಸ್‌ಲಿಯಲ್ಲಿ, ಎಥನಾಲ್ ತಯಾರಿಸುವ ಕಾರ್ಖಾನೆಯೊಂದರಲ್ಲಿ, ರಾಂಡೋ ಎಂಬ ಸಂಸ್ಥೆ 2023ರಲ್ಲಿ 2,000 ಯೂನಿಟ್ಟಿನ ಇಟ್ಟಿಗೆಯ ಭಂಡಾರವನ್ನು ಸ್ಥಾಪಿಸಿತು. ಅದೇ ಸಂಸ್ಥೆಯ 1 ಲಕ್ಷ ಯೂನಿಟ್ಟಿನ ಭಂಡಾರ 2025ರಲ್ಲಿ ಕ್ಯಾಲಿಫೋರ್ನಿಯದಲ್ಲಿಯೇ ಕೆಲಸಕ್ಕೆ ತೊಡಗಿತು. ಅದು ಬಿಸಿಲಿನಿಂದ ಮಾಡಿದ ಉಗಿ ಹೋಗುವುದು ಎಲ್ಲಿಗೆಂದರೆ, ನೆಲದೊಳಗಿನ ಗಟ್ಟಿ ಎಣ್ಣೆಯನ್ನು ತೆಳುಮಾಡಿ ಮೇಲೆತ್ತುವ ಬಾವಿಗಳಿಗೆ! ಚರಿತ್ರೆ ಇಂಥ ವಿನೋದಗಳನ್ನು ಮಾಡುತ್ತಲೇ ಇರುತ್ತದೆ. ಮೊದಲಿನ ಉಗಿಯಂತ್ರಗಳ ಉಗಿಯೂ ಕಲ್ಲಿದ್ದಲಿನ ಗಣಿಯ ನೀರನ್ನು ಎತ್ತುವುದಕ್ಕೇ ವೆಚ್ಚವಾಗಿತ್ತು.

ಉಷ್ಣಭಂಡಾರದಿಂದ ಎಲ್ಲವೂ ಸಾಧ್ಯವೆಂದು ಹೇಳುವವರನ್ನು ನಂಬಲಾಗದು. ಊದುಕುಲುಮೆಯಲ್ಲಿ ಇಂಗಾಲದ ಪಾತ್ರ ಶಾಖಕ್ಕೆ ಸೀಮಿತವಲ್ಲ. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತು ತೆಗೆಯುವುದೂ ಅದೇ. ಆ ಕೆಲಸವನ್ನು ಇಟ್ಟಿಗೆ ಮಾಡಲಾರದು. ಸಿಮೆಂಟಿನಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಅರ್ಧಕ್ಕಿಂತ ಹೆಚ್ಚಿನ ಪಾಲು ಸುಣ್ಣಕಲ್ಲು ಒಡೆಯುವುದರಿಂದಲೇ ಬರುತ್ತದೆ; ಅದನ್ನು ಯಾವ ಶಾಖದಿಂದ ಸುಟ್ಟರೂ ಅದು ಬಿಡುವುದು ಬಿಡುತ್ತದೆ. ಮೂರನೆಯ ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯ. ಕಲ್ಲಿದ್ದಲಿನ ವಿದ್ಯುದಾಗಾರ ತಾನು ಸುಡುವ ಶಾಖದ ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿ ಕೊಡುತ್ತದೆ. ಅಂಥ ವಿದ್ಯುತ್ತಿನಿಂದ ಇಟ್ಟಿಗೆಯನ್ನು ಕಾಯಿಸಿದರೆ, ಕಾರ್ಖಾನೆಯಲ್ಲಿಯೇ ಸುಡಬಹುದಾಗಿದ್ದ ಒಂದು ಪಾಲಿನ ಬದಲು ಬೇರೆಡೆಯಲ್ಲಿ ಮೂರು ಪಾಲು ಕಲ್ಲಿದ್ದಲು ಸುಟ್ಟಂತಾಗುತ್ತದೆ. ಭಾರತದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನದು. ಆದುದರಿಂದ ಉಷ್ಣಭಂಡಾರವನ್ನು ಯಾವಾಗ ತುಂಬುತ್ತೇವೆ ಎಂಬುದರ ಮೇಲೆಯೇ ಅದು ಪರಿಹಾರವೋ ಪ್ರಮಾದವೋ ಎಂಬುದು ನಿಂತಿದೆ.

ಯಾವಾಗ ತುಂಬಬೇಕೆಂಬುದನ್ನು ತೀರ್ಮಾನಿಸುವುದು ದರ. ಏರುಪೇರಿನ ಮೂಲವನ್ನು ಭಂಡಾರದಿಂದ ನೆಮ್ಮದಿಗೆ ತರುವ ಪ್ರಯತ್ನ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋದಾಗ ಕಾವೇರಿ ವರ್ಷವಿಡೀ ಒಂದೇ ಸಮನಾಗಿ ಹರಿಯುತ್ತಿರಲಿಲ್ಲ. ಗಣಿಗಳಿಗೆ ಮಾತ್ರ ವರ್ಷವಿಡೀ ವಿದ್ಯುತ್ತು ಬೇಕಿತ್ತು. 1911ರಲ್ಲಿ ಕೆಲಸ ಪ್ರಾರಂಭವಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ ನೀರಾವರಿಯೊಡನೆ ಈ ಕೊರತೆಯನ್ನು ತುಂಬುವುದೂ ಒಂದಾಗಿತ್ತು. ಆಗ ನಿಶ್ಚಿತವಾಗಿ ಕೊಳ್ಳುವ ಗಿರಾಕಿಯೊಬ್ಬನಿದ್ದನು, ಕಟ್ಟೆಯನ್ನು ಕಟ್ಟುವ ಸರ್ಕಾರವೊಂದಿತ್ತು. ಇಂದು ಪಾವಗಡದ ಸೌರ ಉದ್ಯಾನವೊಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಹೊಳೆ ಇದೆ, ಕಟ್ಟೆ ಸಾಲದು.

ಲೆಕ್ಕವನ್ನು ನೋಡೋಣ. ಕಲ್ಲಿದ್ದಲು ಕಿಲೋಗ್ರಾಮಿಗೆ 6 ರೂಪಾಯಿ ಬೀಳುತ್ತದೆ, ಬಾಯ್ಲರು ನೂರಕ್ಕೆ 75 ಪಾಲು ಶಾಖವನ್ನು ಉಳಿಸಿಕೊಡುತ್ತದೆ ಎಂದು ಇಟ್ಟುಕೊಂಡರೆ, ಒಂದು ಯೂನಿಟ್ ಶಾಖಕ್ಕೆ ಸುಮಾರು 1 ರೂಪಾಯಿ 70 ಪೈಸೆಯಾಗುತ್ತದೆ. ಸೌರ ವಿದ್ಯುತ್ತಿನ ಹರಾಜಿನಲ್ಲಿ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೂ, 2020ರಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆಗೂ ಯೂನಿಟ್ಟಿನ ಬೆಲೆ ಇಳಿದಿತ್ತು. ಎರಡೂ ಸಂಖ್ಯೆಗಳು ಎಷ್ಟು ಹತ್ತಿರ ಬಂದಿವೆಯೆಂಬುದನ್ನು ವಾಚಕರು ಗಮನಿಸಬೇಕು. ಆದರೆ ಅದೇ ವಿದ್ಯುತ್ತು ತಂತಿಯ ಮೇಲೆ ಪಯಣಿಸಿ ಕಾರ್ಖಾನೆಯ ಮೀಟರಿಗೆ ಬರುವಷ್ಟರಲ್ಲಿ ನಮ್ಮ ರಾಜ್ಯದಲ್ಲಿ 6 ರೂಪಾಯಿಗೂ ಮೇಲಾಗುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ನಿಯಮವು, ಬಿಸಿಲಿನ ಗಂಟೆಗಳಲ್ಲಿ ದರ ಸಾಮಾನ್ಯ ದರಕ್ಕಿಂತ ನೂರಕ್ಕೆ 20ರಷ್ಟಾದರೂ ಕಡಮೆಯಿರಬೇಕೆಂದೂ, ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಇದು 2024ರ ಏಪ್ರಿಲಿನಿಂದ ಅನ್ವಯಿಸಬೇಕೆಂದೂ ವಿಧಿಸಿತು. ಬ್ರಿಟನ್ನಿನ 1978ರ ದರಪಟ್ಟಿಯ ಸಾಲು ಇಲ್ಲಿ ರಾತ್ರಿಯಿಂದ ಹಗಲಿಗೆ ಬಂದು ಕುಳಿತಿದೆ. ದಿಕ್ಕು ಸರಿಯಾದದ್ದೇ. ಆದರೆ 6 ರೂಪಾಯಿಯಲ್ಲಿ ಐದನೆಯ ಒಂದು ಪಾಲು ಕಳೆದರೂ 4 ರೂಪಾಯಿ 80 ಪೈಸೆ ಉಳಿಯುತ್ತದೆ. ಅದು ಕಲ್ಲಿದ್ದಲಿನ ಶಾಖದ ಎರಡೂವರೆ ಪಟ್ಟಿಗಿಂತ ಹೆಚ್ಚು.

ಈ ಅಂತರವನ್ನು ಯಾರದೋ ದುರಾಸೆಯೆಂದು ತಳ್ಳಿಹಾಕುವುದು ಸುಲಭ, ಅದು ನ್ಯಾಯವಲ್ಲ. ಅದರಲ್ಲಿ ತಂತಿಯ ಖರ್ಚಿದೆ, ಸೋರಿಕೆಯ ಖರ್ಚಿದೆ. ರೈತನ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಉಚಿತವಾಗಿ ಕೊಡುವ ವಿದ್ಯುತ್ತಿನ ಭಾರದಲ್ಲಿ ಒಂದು ಪಾಲೂ ಇದೆ. ದೊಡ್ಡ ಕಾರ್ಖಾನೆಗಳು ತಮ್ಮದೇ ಹೊಲದಲ್ಲಿ ಫಲಕಗಳನ್ನು ಹಾಸಿ, ತಂತಿಯ ಗೊಡವೆಯಿಲ್ಲದೆ ಇಟ್ಟಿಗೆಯನ್ನು ಕಾಯಿಸಿಕೊಂಡು ಈ ಅಂತರವನ್ನು ದಾಟಬಲ್ಲವು. ಕ್ಯಾಲಿಫೋರ್ನಿಯದಲ್ಲಿ ನಡೆದಿರುವುದೂ ಹಾಗೆಯೇ. ಆದರೆ ಅವು ಹೀಗೆ ಹೊರನಡೆದಷ್ಟೂ ಪಂಪುಸೆಟ್ಟಿನ ಭಾರವನ್ನು ಹೊರಲು ಉಳಿಯುವವರು ಕಡಮೆಯಾಗುತ್ತಾರೆ. ಈ ಗಂಟನ್ನು ಬಿಚ್ಚಬೇಕಾದವರು ಯಂತ್ರಶಿಲ್ಪಿಗಳಲ್ಲ, ಶಾಸಕರು ಮತ್ತು ಅರ್ಥಶಾಸ್ತ್ರಜ್ಞರು. ಇಟ್ಟಿಗೆಯ ವಿದ್ಯೆ ಸಿದ್ಧವಾಗಿಯೇ ಇದೆ.

ಕಡೆಗೆ ಸಣ್ಣವರ ಮಾತು. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಯ ಗೂಡನ್ನು ಬೇಯಿಸಿ ನೂಲು ಬಿಚ್ಚುವ ಮನೆಗಳಿಗೆ ಬೇಕಾದದ್ದು ನೂರು ಡಿಗ್ರಿಯೊಳಗಿನ ಬಿಸಿನೀರು. ಅದಕ್ಕೆ ಸಾವಿರ ಡಿಗ್ರಿಯ ಇಟ್ಟಿಗೆ ಬೇಡ. ಹೊದಿಕೆ ಹೊದಿಸಿದ ನೀರಿನ ತೊಟ್ಟಿಯೇ ಸಾಕು. ಒಂದು ಟನ್ ನೀರನ್ನು 60 ಡಿಗ್ರಿಯಷ್ಟು ಕಾಯಿಸಿದರೆ 70 ಯೂನಿಟ್ ಶಾಖ ಅದರಲ್ಲಿ ಸೇರುತ್ತದೆ. ಈ ಮನೆಗಳಲ್ಲಿ ಸೌದೆ ಉರಿಯುತ್ತದೆ. ಅದರ ಹೊಗೆ ಒಲೆಯ ಮುಂದೆ ಕುಳಿತು ದಿನವೆಲ್ಲ ಎಳೆ ತೆಗೆಯುವವರ ಕಣ್ಣಿಗೂ ಎದೆಗೂ ಹೋಗುತ್ತದೆ. ಲೋಕದ ಇಂಗಾಲದ ಲೆಕ್ಕದಲ್ಲಿ ಈ ಒಲೆಗಳು ಒಂದು ಚುಕ್ಕೆಯಷ್ಟೂ ಅಲ್ಲ. ಆದರೂ ತೊಟ್ಟಿಯೊಂದನ್ನು ಕೊಳ್ಳುವುದಕ್ಕೆ ಬೇಕಾದ ಮೊದಲ ಹಣ ಅವರ ಕೈಯಲ್ಲಿಲ್ಲ. ಸೌದೆಯನ್ನಾದರೋ ದಿನದಿನದ ಸಂಪಾದನೆಯಲ್ಲಿ ಹೊರೆಹೊರೆಯಾಗಿ ಕೊಳ್ಳಬಹುದು.